ಉಪ್ಪಾಗೆಯ ಸಿಪ್ಪೆ ಮಾತ್ರೆಯಾದ ಕಥೆ

ಶರಾವತಿಯ ಹಿನ್ನೀರಿನ ದಡದಲ್ಲಿರುವ ಹೊನ್ನೆಮರಡು ಈಗ ದೋಣಿಯಾಟಕ್ಕೆ ಹೆಸರಾದ ಊರು. 1964ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಮುಗಿದ ಮೇಲೆ ಸಾಗರ, ಹೊಸನಗರ ಸೀಮೆಯ ಎಷ್ಟೋ ಹಳ್ಳಿಗಳೂ ಕಾಡುಗಳೂ ನೀರಿನಡಿ ಸೇರಿದವು. ಹಾಗೆ ಮುಳುಗದೆ ಉಳಿದ ಕಾನುಗಳಲ್ಲಿಯೂ ತೀರ್ಥಹಳ್ಳಿಯ ಕಡೆಯ ಮಳೆಕಾಡುಗಳಲ್ಲಿಯೂ ಬೆಳೆಯುವ ಒಂದು ಮರದ ಚರಿತ್ರೆಯನ್ನು ಇಂದು ಹೇಳಬೇಕೆಂದಿದ್ದೇನೆ. ಮಲೆನಾಡಿನ ಕೇಳುಗರಿಗೆ ಹೆಸರು ಹೇಳಿದರೆ ಸಾಕು: ಉಪ್ಪಾಗೆ. ಹಣ್ಣು ನೋಡಲು ಪುಟ್ಟ ಕುಂಬಳಕಾಯಿಯಂತೆ, ಮೈತುಂಬ ಏಣು. ಹೆಸರಿನಲ್ಲಿ ಉಪ್ಪು ಕೇಳಿಸಿದರೂ ನಾಲಗೆಗೆ ಹತ್ತುವುದು ಅಪ್ಪಟ ಹುಳಿ. ಈ ವಿಚಿತ್ರವನ್ನು ನಿಘಂಟುಕಾರರಿಗೆ ಬಿಟ್ಟು ಮುಂದೆ ಹೋಗುತ್ತೇನೆ.

ಬೀಜದಿಂದ ತೆಗೆದ ಕೊಬ್ಬು ಮಲೆನಾಡಿನ ಮನೆಗಳಲ್ಲಿ ಉಪ್ಪಾಗೆ ತುಪ್ಪವೆನಿಸಿಕೊಂಡಿತು. ಒಣಗಿ ಕಪ್ಪಾದ ಸಿಪ್ಪೆ ಅಡಿಗೆಯ ಹುಳಿಯಾಯಿತು. ಕೇರಳದವರು ಅದನ್ನೇ ಕೊಡಂಪುಳಿ ಎಂದು ಕರೆದು ಮೀನಿನ ಸಾರಿಗೆ ಹಾಕುತ್ತಾರೆ. ಶತಮಾನಗಳ ಕಾಲ ಇದರ ವ್ಯಾಪಾರ ಇಷ್ಟರಲ್ಲೇ ಇತ್ತು.

ಈ ಹುಳಿ ಯಾವ ಹುಳಿ ಎಂಬ ಪ್ರಶ್ನೆ ಎದ್ದುದು ಮೈಸೂರಿನಲ್ಲಿ. 1950ರಲ್ಲಿ ಅಲ್ಲಿಯ ಚೆಲುವಾಂಬ ಮಹಲಿನಲ್ಲಿ ಕೇಂದ್ರ ಆಹಾರ ತಂತ್ರಜ್ಞಾನ ಸಂಶೋಧನಾಲಯ ಆರಂಭವಾಗಿತ್ತು. ಅದುವರೆಗೆ ಉಪ್ಪಾಗೆಯಲ್ಲಿರುವುದು ಹುಣಸೆಯ ಆಮ್ಲ, ನಿಂಬೆಯ ಆಮ್ಲ ಎಂದೇ ರಸಾಯನಶಾಸ್ತ್ರಜ್ಞರು ನಂಬಿದ್ದರು. 1965ರಲ್ಲಿ ಲೂಯಿಸ್ ಮತ್ತು ನೀಲಕಂಠನ್ ಎಂಬ ಇಬ್ಬರು ವಿಜ್ಞಾನಿಗಳು ಅದು ಬೇರೆಯೇ ಒಂದು ಆಮ್ಲ, ಹೈಡ್ರಾಕ್ಸಿಸಿಟ್ರಿಕ್ ಆಮ್ಲವೆಂದು ತೋರಿಸಿಕೊಟ್ಟರು. ಒಣಸಿಪ್ಪೆಯ ತೂಕದಲ್ಲಿ ಶೇಕಡ 10ರಿಂದ 30ರವರೆಗೂ ಇದೇ ಇರುತ್ತದೆ. ಅಡಿಗೆಮನೆಯ ಹುಳಿಗೆ ವಿದ್ವತ್ತಿನ ಹೆಸರು ದೊರೆತುದು ಹೀಗೆ.

ಹೆಸರು ದೊರೆತ ವಸ್ತು ಊರಿನಲ್ಲಿ ನಿಲ್ಲುವುದಿಲ್ಲ. ನಾಲ್ಕೇ ವರ್ಷಗಳಲ್ಲಿ, 1969ರಲ್ಲಿ, ಅಮೆರಿಕದ ಬ್ರಾಂಡೈಸ್ ವಿಶ್ವವಿದ್ಯಾನಿಲಯದ ಲೋವೆನ್‌ಸ್ಟೈನ್ ಮತ್ತು ಸಂಗಡಿಗರು ಈ ಆಮ್ಲದ ಒಂದು ಗುಣವನ್ನು ಪ್ರಕಟಿಸಿದರು. ನಾವು ಉಂಡ ಅನ್ನದ ಮಿಗುತಾಯ ಭಾಗವನ್ನು ದೇಹ ಕೊಬ್ಬಾಗಿ ಕೂಡಿಡುವಾಗ ಒಂದು ಕಿಣ್ವ ಕೆಲಸಮಾಡಬೇಕು. ಉಪ್ಪಾಗೆಯ ಆಮ್ಲ ಆ ಕಿಣ್ವವನ್ನು ತಡೆಯುತ್ತದೆ. 1970ರ ದಶಕದಲ್ಲಿ ಹಾಫ್‌ಮನ್-ಲಾ ರೋಶ್ ಎಂಬ ದೊಡ್ಡ ಔಷಧ ಸಂಸ್ಥೆಯವರು ಇಲಿಗಳಿಗೆ ತಿನ್ನಿಸಿ ನೋಡಿದರು. ಇಲಿಗಳ ಹಸಿವೂ ತೂಕವೂ ತಗ್ಗಿದವು. ಆದರೆ ಇಲಿ ಬಡವಾದುದರಿಂದ ಮನುಷ್ಯನಿಗೆ ಔಷಧವಾಗುವುದಿಲ್ಲ. ರೋಶ್ ಅದನ್ನು ಪೇಟೆಗೆ ತರಲಿಲ್ಲ.

ಪೇಟೆಗೆ ತಂದುದು ಬೇರೊಂದು ಬಗೆಯ ಉದ್ಯಮ. ಕೇರಳದಲ್ಲಿ ಹುಟ್ಟಿ ಅಮೆರಿಕದಲ್ಲಿ ಔಷಧಶಾಸ್ತ್ರ ಓದಿದ ಮುಹಮ್ಮದ್ ಮಜೀದ್ ಎಂಬವರು 1988ರಲ್ಲಿ ನ್ಯೂಜೆರ್ಸಿಯಲ್ಲಿ ಸಬಿನ್ಸಾ ಎಂಬ ಸಂಸ್ಥೆಯನ್ನೂ 1991ರಲ್ಲಿ ಬೆಂಗಳೂರಿನಲ್ಲಿ ಸಾಮಿ ಲ್ಯಾಬ್ಸ್ ಎಂಬುದನ್ನೂ ಸ್ಥಾಪಿಸಿದರು. 2023ರಲ್ಲಿ ತೀರಿಕೊಳ್ಳುವವರೆಗೂ ಅವರೇ ಅದರ ಯಜಮಾನರು. ಇಂತಹ ಸಂಸ್ಥೆಯ ವ್ಯವಹಾರದ ಮರ್ಮವನ್ನು ತಿಳಿಯಬೇಕು. ಅದರ ಮುಖ್ಯ ಸರಕು ಅಂಗಡಿಯ ಮಾತ್ರೆಯಲ್ಲ. ಮಾತ್ರೆ ಕಟ್ಟುವವರಿಗೆ ಬೇಕಾದ ಪುಡಿ. ಉಪ್ಪಾಗೆಯ ಆಮ್ಲ ತನ್ನಷ್ಟಕ್ಕೆ ಇದ್ದರೆ ರೂಪ ಬದಲಿಸಿ ಶಕ್ತಿಗುಂದುತ್ತದೆ. ಆದುದರಿಂದ ಸಿಪ್ಪೆಯ ಸತ್ವವನ್ನು ನೀರಿನಲ್ಲಿ ಇಳಿಸಿ, ಸುಣ್ಣದ ಅಂಶದೊಡನೆ ಕೂಡಿಸಿ, ಕೆಡದ ಲವಣವಾಗಿಸಿ, ಇಂತಿಷ್ಟು ಪಾಲು ಆಮ್ಲ ಉಂಟೆಂದು ಖಾತರಿ ಕೊಟ್ಟು ಮಾರುತ್ತಾರೆ. ಸಿಟ್ರಿನ್ ಎಂಬುದು ಸಬಿನ್ಸಾದವರು ಇದಕ್ಕೆ ಇಟ್ಟ ಹೆಸರು. ಆ ಖಾತರಿಯೇ ಅವರ ಬಂಡವಾಳ. ಅದು ಸಣ್ಣ ವಿದ್ಯೆಯಲ್ಲ.

1994ರಲ್ಲಿ ಅಮೆರಿಕದ ಸಂಸತ್ತು ಪೂರಕ ಆಹಾರಗಳ ಬಗ್ಗೆ ಕಾನೂನೊಂದನ್ನು ಮಾಡಿತು. ಔಷಧವೆಂದು ಹೇಳಿಕೊಳ್ಳದ ಗಿಡಮೂಲಿಕೆಯ ಮಾತ್ರೆಯನ್ನು ಮಾರುವ ಮುನ್ನ ಅದರ ಫಲವನ್ನು ಸರ್ಕಾರದ ಮುಂದೆ ಸಾಧಿಸಿ ತೋರಿಸಬೇಕಾಗಿಲ್ಲವೆಂದಾಯಿತು. ರೋಶ್ ನಿಂತಲ್ಲಿ ಇತರರು ನುಗ್ಗಿದರು. ನಮ್ಮ ಕಾನಿನ ಸಿಪ್ಪೆ ತೂಕ ಇಳಿಸುವ ಮಾತ್ರೆಯಾಗಿ ಬಿಕರಿಯಾಗತೊಡಗಿತು.

ಪರೀಕ್ಷೆ ಆಮೇಲೆ ಬಂತು. ನ್ಯೂಯಾರ್ಕಿನ ಹೇಮ್ಸ್‌ಫೀಲ್ಡ್ ಮತ್ತು ಸಂಗಡಿಗರು 135 ಜನರನ್ನು ಎರಡು ಗುಂಪು ಮಾಡಿ, 12 ವಾರ ಒಂದು ಗುಂಪಿಗೆ ದಿನಕ್ಕೆ 1500 ಮಿಲಿಗ್ರಾಂ ಆಮ್ಲವನ್ನೂ ಇನ್ನೊಂದಕ್ಕೆ ಹುಸಿಮಾತ್ರೆಯನ್ನೂ ಕೊಟ್ಟರು. ಫಲಿತಾಂಶ 1998ರಲ್ಲಿ ಪ್ರಕಟವಾಯಿತು. ಉಪ್ಪಾಗೆ ತಿಂದವರು ಸರಾಸರಿ 3.2 ಕಿಲೋ ಇಳಿದಿದ್ದರು, ಹುಸಿಮಾತ್ರೆಯವರು 4.1 ಕಿಲೋ! ಈ ಅಂತರವೂ ಲೆಕ್ಕಕ್ಕೆ ಹಿಡಿಯುವಂಥದಲ್ಲ. ಎರಡು ಗುಂಪೂ ಒಂದೇ ಎಂದು ಅರ್ಥ. ಇದೊಂದೇ ಕೊನೆಯ ಮಾತಲ್ಲವೆಂದು ತಯಾರಕರು ವಾದಿಸುತ್ತಾರೆ. ಮಾರುವವರು ಮೊದಲೇ ಮಾಡಿಸಬೇಕಾದ ಪರೀಕ್ಷೆ ಇದು ಎಂಬುದು ನನ್ನ ವಾದ.

ಇತ್ತ ಕಾಡಿನಲ್ಲಿ ಏನಾಯಿತು? ದೂರದ ಬೇಡಿಕೆ ಬೆಲೆಯನ್ನು ಏರಿಸಿತು. ಉಪ್ಪಾಗೆ ಹಣ್ಣಾಗುವುದು ಆಷಾಢ ಶ್ರಾವಣದ ಜಡಿಮಳೆಯಲ್ಲಿ. ಬಿಸಿಲಿಲ್ಲ, ಸಿಪ್ಪೆಯನ್ನು ಅಟ್ಟದ ಮೇಲೆ ಹರವಿ ಕೆಳಗೆ ಬೆಂಕಿ ಮಾಡಿಯೇ ಒಣಗಿಸಬೇಕು. ಆ ಬೆಂಕಿಗೆ ಸೌದೆಯೂ ಅದೇ ಕಾಡಿನದು. ಅಡಿಕೆ ತೋಟದವರ ಸೊಪ್ಪಿನಬೆಟ್ಟದಲ್ಲಿ ಮರವಿದ್ದರೆ ಒಡೆಯ ಹಣ್ಣು ತಾನಾಗಿ ಬೀಳುವವರೆಗೆ ಕಾಯಬಲ್ಲ. ಯಾರದೂ ಅಲ್ಲದ ಕಾನಿನಲ್ಲಿ ಕಾಯುವವನು ಹೆಡ್ಡನಾಗುತ್ತಾನೆ. ನಾಳೆ ಬಂದರೆ ಇನ್ನೊಬ್ಬ ಕೊಯ್ದಿರುತ್ತಾನೆ. ಹಸಿಗಾಯಿಯನ್ನೇ ಬಡಿದರು, ಕೊಂಬೆಯನ್ನೇ ಕಡಿದರು. ಕೊಯ್ದವರನ್ನು ಬೈಯುವುದು ಸುಲಭ. ಕಾಡುತ್ಪತ್ತಿಯನ್ನು ಗುತ್ತಿಗೆಗೆ ಕೊಡುವ ಪದ್ಧತಿಯಲ್ಲಿ ಅವರಿಗೆ ಸಲ್ಲುತ್ತಿದ್ದುದು ಸಿಪ್ಪೆಯ ತೂಕದ ಕಾಸು ಮಾತ್ರ. ಮರದ ಮೇಲೆ ಹಕ್ಕಿಲ್ಲದವನಿಂದ ಮರದ ಮೇಲಿನ ಅಕ್ಕರೆಯನ್ನು ನಿರೀಕ್ಷಿಸುವುದು ಹೇಗೆ? ಬೆಂಗಳೂರಿನ ಪುಡಿಗೂ ಅಮೆರಿಕದ ಮಾತ್ರೆಗೂ ಮುದ್ರೆಯುಂಟು, ಹೆಸರುಂಟು, ಸಿಪ್ಪೆಗೆ ಅದಿಲ್ಲ.

ಮರವನ್ನು ನೆಟ್ಟು ಬೆಳೆಸಬಾರದೇ ಎಂದು ಕೇಳಬಹುದು. ಉಪ್ಪಾಗೆಯಲ್ಲಿ ಗಂಡು ಮರ, ಹೆಣ್ಣು ಮರ ಬೇರೆ ಬೇರೆ. ಬೀಜ ಬಿತ್ತಿದವನು ಹತ್ತು ವರ್ಷಕ್ಕೂ ಮಿಕ್ಕಿ ಕಾದ ಮೇಲೆ ತನ್ನದು ಗಂಡೆಂದು ತಿಳಿಯಬಹುದು. ಅದಕ್ಕಾಗಿ ಒಳ್ಳೆಯ ಹೆಣ್ಣು ಮರದ ಕುಡಿಯನ್ನು ಕಸಿಮಾಡುವ ವಿಧಾನವನ್ನು ಶಿರಸಿಯ ಅರಣ್ಯ ಮಹಾವಿದ್ಯಾಲಯದವರು ರೂಢಿಗೆ ತಂದಿದ್ದಾರೆ. ಕಸಿಗಿಡ ಕೆಲವೇ ವರ್ಷಗಳಲ್ಲಿ ಫಲಿಸುತ್ತದೆ. ಆದರೆ ನೆಡುವವನಿಗೆ ಸ್ವಂತದ ನೆಲವೋ ಬೆಟ್ಟವೋ ಇರಬೇಕು. ಮಳೆಗಾಲದಲ್ಲಿ ಕಾನಿಗೆ ಹೋಗಿ ಹಣ್ಣು ಆಯುವವರಲ್ಲಿ ಅದಿಲ್ಲದವರೇ ಹೆಚ್ಚು.