ಕೌದಿಯೊಳಗೆ ಮೂರು ತಲೆಮಾರು, ಕಾಗದದಲ್ಲಿ ಒಂದೂ ಇಲ್ಲ

ಬೆಳಗಾವಿಯ ಶಹಾಪುರದ ಮರಾಠಿ ಮನೆಯಲ್ಲಿ ಅದು ವಾಕಳ, ಇಲ್ಲವೇ ಗೋಧಡಿ. ಬೈಲಹೊಂಗಲ, ಸವದತ್ತಿ ಕಡೆ ಕೌದಿ. ಖಾನಾಪುರ ದಾಟಿ ಹಳಿಯಾಳದ ಕಾಡಂಚಿನ ಸಿದ್ದಿ ಕೇರಿಗೆ ಹೋದರೆ ಕವಂದಿ. ಈ ಊರು ಯಾವ ಭಾಷೆಯವರದು ಎಂದು ನಮ್ಮ ಜಿಲ್ಲೆಯಲ್ಲಿ ಅರವತ್ತು ವರ್ಷಕ್ಕೂ ಮೇಲೆ ಜಗಳ ನಡೆದಿದೆ. ಕೌದಿ ಮಾತ್ರ ಎಲ್ಲರ ಮನೆಯಲ್ಲೂ ಒಂದೇ ತರಹ ಮಡಚಿ ಕೂತಿದೆ. ಹಳೆ ಸೀರೆ, ಹಳೆ ಧೋತರ, ಹರಿದ ಅಂಗಿ, ಒಂದು ಸೂಜಿ, ಒಂದಿಷ್ಟು ದಾರ. ಅಷ್ಟೇ ಸಾಮಾನು.

ಅರಸರು, ಕೋಟೆಗಳು, ದಂಗೆಗಳ ಬಗ್ಗೆ ನಮ್ಮಲ್ಲಿ ಬೇಕಾದಷ್ಟು ಬರೆದಿದ್ದಾರೆ. ಕೌದಿಯ ಇತಿಹಾಸ ಬರೆದವರು ಕಡಿಮೆ. ಅದಕ್ಕೆ ಒಂದು ಸರಳ ಕಾರಣ ಇದೆ ಅನ್ನಿಸುತ್ತದೆ: ಹೊಲಿದವರು ಹೆಂಗಸರು, ಹೊದ್ದವರು ಬಡವರು. ನಾವು ಇಲ್ಲಿ ಹೇಳಲು ಹೊರಟಿರುವುದು ಖಾನಾಪುರದ ಸಿದ್ದಿ ಮನೆಗಳ ಕೌದಿಯ ಕಥೆ. ಆದರೆ ನೆರೆಹೊರೆ ಬಿಟ್ಟು ಆ ಕಥೆ ಇಲ್ಲ. ಹಾಗಾಗಿ ಮೊದಲು ಬಯಲು ಸೀಮೆಯ ಕೌದಿ ನೋಡಿ ಕಾಡಿನ ಕಡೆ ಹೋಗೋಣ.

ಬಯಲು ಸೀಮೆಯಲ್ಲಿ ಕೌದಿ ಎರಡು ತರಹ ಆಗುತ್ತಿತ್ತು. ಒಂದು, ಮನೆಯ ಹೆಂಗಸರೇ ಕೂಡಿ ಹೊಲಿಯುವುದು. ಸುಗ್ಗಿ ಮುಗಿದು, ಮಳೆ ಹಿಡಿಯುವ ಮೊದಲು, ಮಧ್ಯಾಹ್ನದ ಹೊತ್ತು ಪಡಸಾಲೆಯಲ್ಲಿ ಸೀರೆ ಹಾಸಿ ನಾಲ್ಕು ಮಂದಿ ನಾಲ್ಕು ಮೂಲೆಗೆ ಕೂತರೆ ಕೆಲಸ ಸಾಗುತ್ತದೆ. ಇವತ್ತು ನಿಮ್ಮ ಮನೆಯದು, ನಾಡಿದ್ದು ನಮ್ಮ ಮನೆಯದು. ಕೂಲಿ ಇಲ್ಲ, ಮುಯ್ಯಿ ಇದೆ. ಎರಡು, ಊರೂರು ತಿರುಗುವ ಗೊಂದಲಿಗರಂಥ ಅಲೆಮಾರಿ ಸಮುದಾಯಗಳ ಹೆಂಗಸರು ಬಂದು ಹೊಲಿದುಕೊಡುವುದು. ಮನೆಯವರು ಅರಿವೆಯ ಗಂಟು ಬಿಚ್ಚಿ ಕೊಡುತ್ತಿದ್ದರು. ಅವರು ಅಲ್ಲೇ ಕಟ್ಟೆಯ ಮೇಲೆ ದಿನಗಟ್ಟಲೆ ಕೂತು ಹೊಲಿದು, ಜೋಳ, ಹಳೆ ಬಟ್ಟೆ, ಒಂದಿಷ್ಟು ರೊಕ್ಕ ತೆಗೆದುಕೊಂಡು ಮುಂದಿನ ಊರಿಗೆ ಹೋಗುತ್ತಿದ್ದರು. ಈಗಲೂ ಅಲ್ಲಲ್ಲಿ ಬರುತ್ತಾರೆ.

ಕೊಡುವುದಕ್ಕೂ ಕೌದಿಯೇ. ಬಾಣಂತಿಗೆ ತವರಿನಿಂದ ಸಣ್ಣ ಕೌದಿ, ತೊಟ್ಟಿಲ ಕೂಸಿಗೆ ಅದಕ್ಕಿಂತ ಸಣ್ಣದು, ಗಂಡನ ಮನೆಗೆ ಹೊರಟ ಮಗಳಿಗೆ ದೊಡ್ಡದು. ಕೂಸಿಗೆ ಅಜ್ಜಿಯ ಹಳೆ ಸೀರೆಯೇ ಬೇಕು ಅನ್ನುವುದರಲ್ಲಿ ಪ್ರೀತಿ ಎಷ್ಟಿದೆಯೋ ಲೆಕ್ಕವೂ ಅಷ್ಟೇ ಇದೆ. ನೂರು ಸಲ ಒಗೆದ ಹತ್ತಿ ಬಟ್ಟೆಯಷ್ಟು ಮೆತ್ತನೆಯದು ಅಂಗಡಿಯಲ್ಲಿ ಸಿಗುವುದಿಲ್ಲ. ಹೊಲಿದು ಮುಗಿಸುವಾಗ ಕೆಲವು ಮನೆಗಳಲ್ಲಿ ಒಂದು ಮೂಲೆ ಬಿಟ್ಟು, ಅದರೊಳಗೆ ಹೋಳಿಗೆ ಅಥವಾ ರೊಟ್ಟಿಯ ಚೂರು ಇಟ್ಟು ಬಾಯಿ ಮುಚ್ಚುವ ಪದ್ಧತಿ ಇದೆ. ಕೌದಿಗೆ ಹೊಟ್ಟಿ ತುಂಬಿಸೋದು ಅನ್ನುತ್ತಾರೆ. ಕೌದಿ ಹಸಿದಿರಬಾರದು, ಹೊದ್ದವರೂ ಹಸಿದಿರಬಾರದು.

ಬಟ್ಟೆ ಎಲ್ಲಿಂದ ಬಂತು ಎಂದು ನೋಡಿದರೆ ಜಿಲ್ಲೆಯ ಅರ್ಧ ಚರಿತ್ರೆ ಅದರಲ್ಲೇ ಸಿಗುತ್ತದೆ. ಇಳಕಲ್ ಸೀರೆ, ಶಹಾಪುರ ವಡಗಾವಿಯ ಮಗ್ಗದ ಸೀರೆ, ಗಿರಣಿ ನೂಲು. ಗೋಕಾಕ ಫಾಲ್ಸ್‌ನಲ್ಲಿ ನೂಲಿನ ಗಿರಣಿ ಶುರುವಾದದ್ದು 1885ರ ಹೊತ್ತಿಗೆ. 1924ರ ಡಿಸೆಂಬರಿನಲ್ಲಿ ಗಾಂಧೀಜಿ ಅಧ್ಯಕ್ಷರಾಗಿದ್ದ ಬೆಳಗಾವಿ ಕಾಂಗ್ರೆಸ್ಸು ಸದಸ್ಯತ್ವದ ಚಂದಾ ಎಂದು ತಿಂಗಳಿಗೆ 2000 ಗಜ ನೂಲು ಕೊಡಬೇಕು ಎಂಬ ನಿಯಮವನ್ನು ಒಪ್ಪಿತು. ದೇಶದ ದೊಡ್ಡವರೆಲ್ಲ ನಮ್ಮೂರಿಗೆ ಬಂದು ನೂಲಿನ ಲೆಕ್ಕ ಹಾಕಿದ ವರ್ಷ ಅದು. ಅದೇ ಚಳಿಗಾಲದಲ್ಲಿ ಸುತ್ತಲ ಹಳ್ಳಿಗಳ ಹೆಂಗಸರು ಒಂದು ಚಿಂದಿಯನ್ನೂ ದಂಡ ಮಾಡದೆ ಹೊಲಿಯುತ್ತಿದ್ದರು. ಅವರಿಗೆ ಸದಸ್ಯತ್ವದ ಚೀಟಿ ಯಾರೂ ಕೊಡಲಿಲ್ಲ.

ಇನ್ನು ಕಾಡಿನ ಕಡೆ. ಖಾನಾಪುರ ತಾಲೂಕಿನ ಪೂರ್ವಕ್ಕೆ ಬಯಲು, ಪಶ್ಚಿಮಕ್ಕೆ ಸಹ್ಯಾದ್ರಿ. ಮಲಪ್ರಭೆ ಹುಟ್ಟುವ ಕಣಕುಂಬಿ ಇದೇ ತಾಲೂಕಿನಲ್ಲಿದೆ. ಅಲ್ಲಿಯ ಮಳೆ ಬೆಳಗಾವಿಯವರನ್ನೂ ಹೆದರಿಸುತ್ತದೆ. ಅಂಥ ಜಾಗದಲ್ಲಿ ಹೊದಿಕೆ ಎಂದರೆ ಚಂದಕ್ಕೆ ಅಲ್ಲ, ಜೀವಕ್ಕೆ. ಈ ಕಾಡಂಚಿನಲ್ಲಿ, ಹಳಿಯಾಳ, ಯಲ್ಲಾಪುರ, ಅಂಕೋಲಾದವರೆಗೆ ಸಿದ್ದಿಗಳ ಕೇರಿಗಳಿವೆ.

ಸಿದ್ದಿಗಳ ಹಿರಿಯರು ಆಫ್ರಿಕಾದಿಂದ ಬಂದವರು. ಬಂದ ದಾರಿ ಒಂದಲ್ಲ. ಕೆಲವರು ದಖ್ಖನಿನ ಸುಲ್ತಾನರ ಸೈನ್ಯದಲ್ಲಿದ್ದು ದೊಡ್ಡ ಹುದ್ದೆಗೆ ಏರಿದರು. 17ನೇ ಶತಮಾನದ ಬಿಜಾಪುರ ದರಬಾರಿನ ಇಖ್ಲಾಸ್ ಖಾನ್ ಅಂಥವನೊಬ್ಬ. ಬಹಳ ಮಂದಿ ಮಾತ್ರ ಗುಲಾಮರಾಗಿ ಬಂದರು. 1510ರಲ್ಲಿ ಗೋವಾ ಪೋರ್ಚುಗೀಸರ ಕೈಗೆ ಹೋದ ಮೇಲೆ ಮೊಜಾಂಬಿಕ್ ಕಡೆಯಿಂದ ಹಡಗಿನಲ್ಲಿ ಜನರನ್ನು ತಂದು ಮಾರಿದರು, ದೀಕ್ಷೆ ಕೊಟ್ಟು ಕ್ರೈಸ್ತ ಹೆಸರಿಟ್ಟರು. ತಪ್ಪಿಸಿಕೊಂಡವರು ಮತ್ತು ಬಿಡುಗಡೆ ಆದವರು ಘಟ್ಟ ಹತ್ತಿ ಈ ಕಾಡು ಸೇರಿದರು. ಹಳಿಯಾಳ, ಖಾನಾಪುರ ಭಾಗದ ಸಿದ್ದಿಗಳ ಮನೆಮಾತಿನಲ್ಲಿ ಕೊಂಕಣಿ ಉಳಿದಿರುವುದು ಆ ದಾರಿಯ ಗುರುತು. ಇವತ್ತು ಅವರಲ್ಲಿ ಕ್ರೈಸ್ತರು, ಮುಸ್ಲಿಮರು, ಹಿಂದೂಗಳು ಮೂವರೂ ಇದ್ದಾರೆ. ಸಂಗೊಳ್ಳಿ ರಾಯಣ್ಣನ ಜೊತೆಗಾರ ಸಿದ್ದಿ ಗಜವೀರನ ಹೆಸರು ನೀವು ಜನಪದರ ಬಾಯಲ್ಲಿ ಕೇಳಿರುತ್ತೀರಿ. ರಾಯಣ್ಣನನ್ನು ಗಲ್ಲಿಗೇರಿಸಿದ ನಂದಗಡ ಇದೇ ಖಾನಾಪುರ ತಾಲೂಕಿನದು.

ಸಿದ್ದಿ ಹೆಂಗಸರ ಕವಂದಿ ದೂರದಿಂದ ನೋಡಿದರೆ ಬಯಲಿನ ಕೌದಿಯ ಹಾಗೇ ಕಾಣುತ್ತದೆ. ಹತ್ತಿರ ಹೋದರೆ ವ್ಯತ್ಯಾಸ ಗೊತ್ತಾಗುತ್ತದೆ. ತಳಕ್ಕೆ ಒಂದು ಸೀರೆ ಹಾಸಿ, ಒಂದು ಮೂಲೆಯಿಂದ ಶುರು ಮಾಡಿ, ಅಂಚಿನ ಸುತ್ತ ತುಂಡು ಜೋಡಿಸುತ್ತ, ಮೇಲೆ ಕೆಳಗೆ ಓಡುವ ಸಾದಾ ಹೊಲಿಗೆ ಹಾಕುತ್ತ ಹೋಗುತ್ತಾರೆ. ಸುತ್ತು ಮುಗಿದ ಹಾಗೆ ಒಳಕ್ಕೆ ಸರಿಯುತ್ತಾರೆ. ಕೊನೆಯ ತುಂಡು ನಡುಮಧ್ಯಕ್ಕೆ ಬೀಳುತ್ತದೆ. ಮೊದಲೇ ಗೆರೆ ಎಳೆಯುವುದಿಲ್ಲ, ಅಳತೆ ಕೋಲು ಇಲ್ಲ. ಹೊಲಿಗೆಯ ಸಾಲೇ ವಿನ್ಯಾಸ ಆಗುತ್ತದೆ. ತುಂಡಿನ ಮೇಲೆ ಮತ್ತೆ ಸಣ್ಣ ತುಂಡು ಇಡುವುದೂ ಉಂಟು, ಕೂಸಿನ ಕವಂದಿಯಲ್ಲಿ ಇಂಥ ಬಣ್ಣದ ಚೂರು ಜಾಸ್ತಿ. ಎಲ್ಲ ಮುಗಿದ ಮೇಲೆ ನಾಲ್ಕು ಮೂಲೆಗೆ ಮಡಚಿದ ಬಟ್ಟೆಯ ಮುಕ್ಕೋನೆ ಇಡುತ್ತಾರೆ. ಅದಕ್ಕೆ ಫೂಲ ಅನ್ನುತ್ತಾರೆ, ಹೂವು. ಹೂವಿಲ್ಲದ ಕವಂದಿ ಬತ್ತಲೆ ಎಂಬುದು ಅವರ ಮಾತು.

ಕ್ರೈಸ್ತ ಮನೆಯ ಕವಂದಿಯಲ್ಲಿ ಕೆಲವೊಮ್ಮೆ ಶಿಲುಬೆಯ ಆಕಾರದ ತುಂಡು ಕಾಣುತ್ತದೆ, ಮುಸ್ಲಿಂ ಮನೆಯದರಲ್ಲಿ ಅರ್ಧಚಂದ್ರ. ಹೊಲಿಗೆ, ಸುತ್ತು, ಹೂವು ಮಾತ್ರ ಮೂರೂ ಧರ್ಮದವರಲ್ಲಿ ಅವೇ. ಬೆಳಗಾವಿಗೆ ಲಂಡನ್ ಮಿಷನ್ನಿನವರು 1820ರಲ್ಲೇ ಬಂದರು. ಮಿಷನ್ ಶಾಲೆಗಳಲ್ಲಿ ಹುಡುಗಿಯರಿಗೆ ಸೂಜಿ ಕೆಲಸ ಕಲಿಸುವುದು ಎಲ್ಲ ಕಡೆ ರೂಢಿಯಾಗಿತ್ತು. ಅದನ್ನು ಹಿಡಿದು ಈ ವಿದ್ಯೆ ಚರ್ಚಿನಿಂದ ಬಂತು ಅನ್ನಲು ನಮಗೆ ಮನಸ್ಸಿಲ್ಲ. ಶಾಲೆಯ ಹೊಲಿಗೆ ಅಳತೆ ಹಿಡಿದು, ನಮೂನೆ ಇಟ್ಟುಕೊಂಡು ಹೊಲಿಯುವಂಥದ್ದು. ಕವಂದಿಗೆ ನಮೂನೆಯೇ ಇಲ್ಲ. ಇಗರ್ಜಿಯಿಂದ ಬಂದದ್ದು ಶಿಲುಬೆ, ಅದನ್ನು ಕೂರಿಸಿದ ಕೈ ಮೊದಲೇ ಪಳಗಿತ್ತು.

ಈ ಕವಂದಿಯನ್ನು ಹೊರಗಿನವರು ಗಮನಿಸಿದ್ದು ತಡವಾಗಿ. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಇಲ್ಲಿಗೆ ಬಂದು ಅಧ್ಯಯನ ಮಾಡಿದರು. 2004ರಲ್ಲಿ ಸಿದ್ದಿ ಮಹಿಳೆಯರ ಕೌದಿ ಸಹಕಾರಿ ಗುಂಪು ಶುರುವಾಗಲು ನೆರವಾದರು. 2011ರಲ್ಲಿ ನ್ಯೂಯಾರ್ಕಿನ ಶೋಂಬರ್ಗ್ ಕೇಂದ್ರದಲ್ಲಿ ಸಿದ್ದಿ ಕೌದಿಗಳ ಪ್ರದರ್ಶನ ಆಯಿತು. ಅಮೆರಿಕದಲ್ಲೂ ಇಂಥದ್ದೇ ಒಂದು ಕಥೆ ಇದೆ. ಅಲಬಾಮಾ ರಾಜ್ಯದ ಗೀಸ್ ಬೆಂಡ್ ಎಂಬ ಹಳ್ಳಿಯ ಕಪ್ಪು ಹೆಂಗಸರು, ಗುಲಾಮರ ಮೊಮ್ಮಕ್ಕಳು ಮರಿಮಕ್ಕಳು, ಹಳೆ ಕೆಲಸದ ಬಟ್ಟೆಗಳಿಂದ ಹೊಲಿದ ಹೊದಿಕೆಗಳು 2002ರಲ್ಲಿ ಹ್ಯೂಸ್ಟನ್ನಿನ ಮ್ಯೂಸಿಯಂ ಗೋಡೆ ಏರಿದವು. ಆ ಭಾಗದ ಹೆಂಗಸರು 1966ರಲ್ಲೇ ಸಹಕಾರಿ ಕಟ್ಟಿ ಮಾರಾಟಕ್ಕೆ ಇಳಿದಿದ್ದರು.

ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡಿದರೆ ಬಣ್ಣದ ಧೈರ್ಯ ಒಂದೇ ಅನ್ನಿಸುತ್ತದೆ, ನಿಜ. ಹಾಗಂತ ಇದು ಪೂರ್ತಿ ಆಫ್ರಿಕಾದ ಕಲೆ ಎಂದು ಬಿಡುವುದು ಅವಸರ. ಪಕ್ಕದ ಕೇರಿಯ ಮರಾಠರ, ಲಿಂಗಾಯತರ, ಗೊಂದಲಿಗರ ಮನೆಯಲ್ಲೂ ಕೌದಿ ಇದೆ. ನಾಲ್ಕು ನೂರು ವರ್ಷ ಒಂದೇ ಮಳೆಯಲ್ಲಿ ನೆನೆದವರು ಒಬ್ಬರ ಕೈ ನೋಡಿ ಒಬ್ಬರು ಕಲಿಯದೆ ಇರುತ್ತಾರೆಯೇ? ಮೂಲೆಯ ಹೂವು ಸಿದ್ದಿಗಳದು. ಉಳಿದದ್ದು ಈ ನೆಲದ್ದೂ ಹೌದು.

ಈಗ ನಾವು ಹೇಳಲೇಬೇಕಾದ ವಿಷಯಕ್ಕೆ ಬರೋಣ. ಹಳಿಯಾಳದ ಸಿದ್ದಿಗಳಿಗೂ ಖಾನಾಪುರದ ಸಿದ್ದಿಗಳಿಗೂ ಕೊಡುಕೊಳ್ಳುವುದು ಇದೆ. ಮಗಳನ್ನು ಆ ಕಡೆ ಕೊಟ್ಟವರು, ಸೊಸೆಯನ್ನು ಈ ಕಡೆಗೆ ತಂದವರು. ಕವಂದಿಯೂ ಮದುಮಗಳ ಜೊತೆ ಗಡಿ ದಾಟುತ್ತದೆ. ನಡುವೆ ಇರುವುದು ಒಂದು ಜಿಲ್ಲೆಯ ಗೆರೆ. ಒಂದು ಕಾಲಕ್ಕೆ ಆ ಗೆರೆಗೆ ತೂಕ ಕಡಿಮೆ. ಎರಡೂ ಜಿಲ್ಲೆ ಮುಂಬಯಿ ಪ್ರಾಂತದಲ್ಲಿದ್ದವು, 1956ರಲ್ಲಿ ಕೂಡಿಯೇ ಮೈಸೂರು ರಾಜ್ಯಕ್ಕೆ ಬಂದವು. 1953ರಲ್ಲಿ ಬೆಳಗಾವಿ ಧರ್ಮಪ್ರಾಂತ್ಯ ಆದಾಗ ಉತ್ತರ ಕನ್ನಡದ ಕಥೋಲಿಕರೂ ಅದರಲ್ಲೇ ಇದ್ದರು. 1976ರಲ್ಲಿ ಕಾರವಾರ ಬೇರೆ ಧರ್ಮಪ್ರಾಂತ್ಯ ಆಯಿತು. ಬಿಷಪ್ಪರು ಬೇರೆಯಾದರು, ಬೀಗತನ ಬೇರೆಯಾಗಲಿಲ್ಲ.

ಗೆರೆಗೆ ತೂಕ ಬಂದದ್ದು 2003ರಲ್ಲಿ. ಆ ವರ್ಷ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದರು. ಆದರೆ ಪಟ್ಟಿಯಲ್ಲಿ ಬರೆದದ್ದು "ಉತ್ತರ ಕನ್ನಡ ಜಿಲ್ಲೆಯ ಸಿದ್ದಿ" ಎಂದು. ಬೆಳಗಾವಿ ಮತ್ತು ಧಾರವಾಡ ಜಿಲ್ಲೆಯ ಸಿದ್ದಿಗಳು ಹೊರಗುಳಿದರು. ಒಂದೇ ಮನೆತನ, ಒಂದೇ ಮುಖ, ಒಂದೇ ಕವಂದಿ. ಹಳಿಯಾಳದ ಅಣ್ಣನ ಮಗನಿಗೆ ಬುಡಕಟ್ಟಿನ ಪ್ರಮಾಣಪತ್ರ, ಖಾನಾಪುರದ ತಮ್ಮನ ಮಗನಿಗೆ ಇಲ್ಲ.

ವಿದ್ಯಾರ್ಥಿವೇತನ, ಮೀಸಲಾತಿಯ ನಷ್ಟ ಎಲ್ಲರಿಗೂ ತಿಳಿಯುವಂಥದ್ದು. ಅದಕ್ಕಿಂತ ದೊಡ್ಡ ಪೆಟ್ಟು ಭೂಮಿಯದು. 2006ರ ಅರಣ್ಯ ಹಕ್ಕು ಕಾಯ್ದೆ ಅರ್ಜಿದಾರರನ್ನು ಎರಡು ಭಾಗ ಮಾಡಿತು. ಪರಿಶಿಷ್ಟ ಪಂಗಡದವರಾದರೆ 2005ರ ಡಿಸೆಂಬರ್ 13ಕ್ಕೆ ಮೊದಲು ಆ ಭೂಮಿಯಲ್ಲಿ ಇದ್ದೆವು ಎಂದು ತೋರಿಸಿದರೆ ಸಾಕು. ಅಲ್ಲದವರು ಅದಕ್ಕೂ ಹಿಂದಿನ ಮೂರು ತಲೆಮಾರು, ಅಂದರೆ 75 ವರ್ಷ, ಅಲ್ಲೇ ಕಾಡನ್ನು ನಂಬಿ ಬದುಕಿದ್ದಕ್ಕೆ ಪುರಾವೆ ಕೊಡಬೇಕು. 1930ರ ಪುರಾವೆ! ಕೂಲಿಗೆ ಹೋಗಿ, ಸೋಗೆಯ ಗುಡಿಸಲಲ್ಲಿ ಬದುಕಿದವರು ಬ್ರಿಟಿಷರ ಕಾಲದ ಕಾಗದ ಎಲ್ಲಿಂದ ತರಬೇಕು? ಬೆಳಗಾವಿ, ಧಾರವಾಡ ಜಿಲ್ಲೆಯ ಸಿದ್ದಿಗಳನ್ನು ಪಟ್ಟಿಗೆ ಸೇರಿಸಿದ ತಿದ್ದುಪಡಿ ಬಂದದ್ದು 2020ರಲ್ಲಿ. 17 ವರ್ಷ. ಅದೇ 2020ರಲ್ಲಿ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿಗೆ ನಾಮಕರಣಗೊಂಡರು, ಸಮುದಾಯದಿಂದ ಶಾಸನಸಭೆಗೆ ಹೋದ ಮೊದಲಿಗರು ಅವರು.

ಇಲ್ಲಿ ಕೌದಿಯ ಒಂದು ಗುಣ ಹೇಳಬೇಕು. ಹರಿದ ಕೌದಿಯನ್ನು ಯಾರೂ ಬಿಸಾಡುವುದಿಲ್ಲ. ಅದರ ಮೇಲೆಯೇ ಮತ್ತೊಂದು ಸೀರೆ ಹೊದಿಸಿ ಪುನಃ ಹೊಲಿಯುತ್ತಾರೆ. ಹಾಗಾಗಿ ದಪ್ಪ ಕೌದಿ ಒಂದನ್ನು ಬಿಚ್ಚಿದರೆ ಮೇಲೆ ಸೊಸೆಯ ಸೀರೆ, ಅದರ ಕೆಳಗೆ ಅತ್ತೆಯದು, ಅದರ ಕೆಳಗೆ ಅತ್ತೆಯ ಅತ್ತೆಯದು. ಕಾಯ್ದೆ ಕೇಳಿದ ಮೂರು ತಲೆಮಾರು ಮನೆಯ ಗಳದ ಮೇಲೆ ಮಡಚಿ ಕೂತಿತ್ತು. ಅರ್ಜಿಗೆ ಲಗತ್ತಿಸುವ ಪಟ್ಟಿಯಲ್ಲಿ ಕೌದಿ ಇಲ್ಲ. ಇರಬೇಕಿತ್ತು ಎಂದು ನಾವೂ ವಾದಿಸುವುದಿಲ್ಲ, ಬಟ್ಟೆಗೆ ತಾರೀಖು ಇರುವುದಿಲ್ಲವಲ್ಲ. ಆದರೆ ಅದೇ ಕಾಯ್ದೆಯ ನಿಯಮ 13ರಲ್ಲಿ ಅರ್ಜಿದಾರರಲ್ಲದ ಊರ ಹಿರಿಯರು ಹೇಳಿದ್ದನ್ನು ಬರೆದುಕೊಂಡು ಪುರಾವೆಯಾಗಿ ಕೊಡಬಹುದು ಎಂದಿದೆ. ಇದು ನಿಮ್ಮೂರಿಗೂ ಬೇಕಾಗಬಹುದು. ಹಿರಿಯರು ಎಂದರೆ ಗಂಡಸರು ಎಂದು ಅಲ್ಲಿ ಎಲ್ಲೂ ಬರೆದಿಲ್ಲ. ಯಾವ ಮಳೆಗಾಲದಲ್ಲಿ ಯಾರ ಬಾಣಂತನಕ್ಕೆ ಯಾವ ಕವಂದಿ ಹೊಲಿದೆವು ಎಂದು ನೆನಪಿಟ್ಟಿರುವ ಅಜ್ಜಿ, ಆಗ ಮನೆ ಎಲ್ಲಿತ್ತು, ಗದ್ದೆ ಎಲ್ಲಿತ್ತು ಎಂದೂ ಹೇಳಬಲ್ಲಳು.

ಬೆಲೆಯ ಮಾತೂ ಇದೆ. ದೊಡ್ಡ ಕೌದಿಗೆ ವಾರಗಟ್ಟಲೆ ಕೆಲಸ. ಮಾರಲು ಕೂತಾಗ ಕೊಳ್ಳುವವರು "ಹಳೆ ಬಟ್ಟೆ ತಾನೇ" ಎಂದು ಬಟ್ಟೆಯ ಲೆಕ್ಕ ಹಾಕುತ್ತಾರೆ, ಕೂಲಿಯ ಲೆಕ್ಕ ಹಾಕುವುದಿಲ್ಲ. ಮುಯ್ಯಿಯಲ್ಲಿ ಈ ತೊಂದರೆ ಇರಲಿಲ್ಲ, ಏಕೆಂದರೆ ಅಲ್ಲಿ ಎರಡೂ ಕಡೆಯವರಿಗೂ ಸೂಜಿ ಚುಚ್ಚಿದ ಬೆರಳಿತ್ತು. ಈಗ ಬೆಳಗಾವಿಯ ಪೇಟೆಯಲ್ಲಿ ಸಿಗುವ ಮೆತ್ತನೆಯ ರಗ್ಗು ಹೊಲಿಯುವ ಶ್ರಮಕ್ಕಿಂತ ಅಗ್ಗ. ಮನೆಯಲ್ಲಿ ಹತ್ತಿ ಸೀರೆಯೂ ಕಡಿಮೆ. ಪಾಲಿಯೆಸ್ಟರ್ ಸೀರೆಯ ಕೌದಿ ಜಾರುತ್ತದೆ, ಬೆವರು ಹೀರುವುದಿಲ್ಲ.

ನೂರು ವರ್ಷದ ಕೌದಿ ತೋರಿಸಿ ಎಂದರೆ ಯಾರಲ್ಲೂ ಸಿಗುವುದು ಕಷ್ಟ. ಹೊದಿಕೆ ಹಾಸಿಗೆಯಾಗುತ್ತದೆ, ಹಾಸಿಗೆ ಹರಿದು ಚಕ್ಕಡಿಗೆ ಹೋಗುತ್ತದೆ, ಅಲ್ಲಿಂದ ಚಳಿಗೆ ಎತ್ತಿನ ಬೆನ್ನಿಗೆ, ಆಮೇಲೆ ಬಾಗಿಲ ಬಳಿ ಕಾಲೊರೆಸಲು. ಅಷ್ಟು ಹೊತ್ತಿಗೆ ಮನೆಯಲ್ಲಿ ಇನ್ನೊಂದು ಸೀರೆ ಹಳತಾಗಿರುತ್ತದೆ.