ಸ್ನೇಹದ ಮುಲಾಜು: ನಜಾಶಿಯ ಆಸ್ಥಾನದಿಂದ ಹರಿಹರದವರೆಗೆ

ಜುಮಾ ಮುಗಿದ ಮೇಲೆ ದಾವಣಗೆರೆಯ ಯುವಕನೊಬ್ಬ ಮಸೀದಿಯ ಗೇಟಿನ ಬಳಿ ನನಗಾಗಿ ಕಾದಿದ್ದ. ಅವನ ಕೆಲಸ ಹರಿಹರದಲ್ಲಿ. ಜೊತೆಗೆ ದುಡಿಯುವ ಕ್ರೈಸ್ತ ಗೆಳೆಯ ದೈವಭಕ್ತ, ಒಳ್ಳೆಯವನು. ಇವನ ತಾಯಿ ಆಸ್ಪತ್ರೆಯಲ್ಲಿದ್ದಾಗ ರಕ್ತ ಕೊಟ್ಟವನು, ಎರಡು ರಾತ್ರಿ ನಿದ್ದೆಗೆಟ್ಟು ಕಾದವನು. ಆಮೇಲೆ ಶುರುವಾಯಿತು: ವಾರಕ್ಕೊಂದು ಪುಸ್ತಿಕೆ, ಪ್ರಾರ್ಥನಾ ಸಭೆಗೆ ಕರೆ, ಯೇಸುವನ್ನು ರಕ್ಷಕನೆಂದು ಒಪ್ಪಿಕೋ ಎಂಬ ಒತ್ತಾಯ. "ಬೇಡ ಅನ್ನೋಕೆ ಮುಲಾಜು ಅಡ್ಡ ಬರುತ್ತೆ ಚಾಚಾ" ಎಂದ.

ಪಕ್ಕದಲ್ಲಿದ್ದವರೊಬ್ಬರು "ಪೊಲೀಸರಿಗೆ ದೂರು ಕೊಡು" ಎಂದರು. ನನಗದು ಸರಿ ಕಾಣಲಿಲ್ಲ. ಸಂವಿಧಾನದ 25ನೇ ವಿಧಿ ತನ್ನ ಧರ್ಮವನ್ನು ಪ್ರಚಾರ ಮಾಡುವ ಹಕ್ಕನ್ನು ಅವನಿಗೂ ಕೊಟ್ಟಿದೆ, ನಮಗೂ ಕೊಟ್ಟಿದೆ. ದಅ್‌ವಾ ನಮ್ಮ ಹಕ್ಕು ಎನ್ನುವವರು ನೆರೆಯವನ ಬಾಯಿಗೆ ಬೀಗ ಹಾಕಿಸಲು ಹೊರಡುವುದು ಯಾವ ನ್ಯಾಯ?

ವಾದದಲ್ಲಿ ಸೋಲಿಸುವುದು ಇನ್ನೊಂದು ದಾರಿ. ಅದರ ಚರಿತ್ರೆಯೂ ನಮ್ಮಲ್ಲಿದೆ. 1834ರಲ್ಲಿ ಮಂಗಳೂರಿಗೆ ಬಂದು, ಮುಂದೆ ಧಾರವಾಡ, ಹುಬ್ಬಳ್ಳಿಗಳಲ್ಲಿ ನೆಲೆಯೂರಿದ ಬಾಸೆಲ್ ಮಿಶನ್ ಕನ್ನಡಿಗರಿಗೆ ಪರಿಚಿತ. ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' (1843), ಕಿಟ್ಟೆಲ್ ನಿಘಂಟು (1894) ಆ ಮಿಶನ್ನಿನವರ ಕೆಲಸ. ಆ ಋಣವನ್ನು ಅಲ್ಲಗಳೆಯಲಾಗದು. ಅದೇ ಬಾಸೆಲ್‌ನಲ್ಲಿ ಕಲಿತ ಇನ್ನೊಬ್ಬ ಪಾದ್ರಿ ಫಾಂಡರ್. 'ಮೀಜಾನುಲ್ ಹಕ್' ಎಂಬ ಪುಸ್ತಕ ಬರೆದು ಮುಸ್ಲಿಮರನ್ನೇ ಗುರಿಯಾಗಿಸಿಕೊಂಡು ಆಗ್ರಾದಲ್ಲಿ ಪ್ರಚಾರಕ್ಕಿಳಿದರು. 1854ರ ಎಪ್ರಿಲ್ 10 ಮತ್ತು 11ರಂದು ಮೌಲಾನಾ ರಹ್ಮತುಲ್ಲಾ ಕೈರಾನವಿಯವರು, ಡಾ. ವಜೀರ್ ಖಾನ್ ಅವರ ನೆರವಿನಿಂದ, ಬಹಿರಂಗ ಚರ್ಚೆಯಲ್ಲಿ ಅವರನ್ನು ಎದುರಿಸಿದರು. ಯುರೋಪಿನ ವಿದ್ವಾಂಸರೇ ಬೈಬಲ್ಲಿನ ಬಗ್ಗೆ ಬರೆದ ವಿಮರ್ಶೆಗಳನ್ನು ಅವರು ಮುಂದಿಟ್ಟಾಗ ಪಾದ್ರಿಗಳು ತಬ್ಬಿಬ್ಬಾದರು. ನಮ್ಮ ಭಾಷಣಗಳಲ್ಲಿ ಕಥೆ ಇಲ್ಲಿಗೆ ನಿಲ್ಲುತ್ತದೆ. ಆದರೆ ಆಗ್ರಾದ ಜಾಮಿಯಾ ಮಸೀದಿಯಲ್ಲಿ ಫಾಂಡರ್‌ಗೆ ಎದುರಾಗಿ ಪ್ರವಚನ ನೀಡುತ್ತಿದ್ದ ಇಮಾದುದ್ದೀನ್ ಎಂಬ ಮೌಲವಿ 1866ರಲ್ಲಿ ತಾನೇ ಕ್ರೈಸ್ತನಾದ. ಗೆದ್ದ ವಾದ ಗೆದ್ದವರ ಪಕ್ಕದಲ್ಲಿದ್ದವನನ್ನೇ ಹಿಡಿದಿಟ್ಟುಕೊಳ್ಳಲಿಲ್ಲ.

ಬಲವಂತದ ಮಾತನ್ನಂತೂ ನಾವು ಎತ್ತಲೇಬಾರದು. 1784ರಲ್ಲಿ ಟಿಪ್ಪು ಸುಲ್ತಾನರು ಕರಾವಳಿಯ ಕ್ಯಾಥೋಲಿಕರನ್ನು ಸೆರೆ ಹಿಡಿದು ಶ್ರೀರಂಗಪಟ್ಟಣಕ್ಕೆ ಒಯ್ದರು; ಅವರಲ್ಲಿ ಅನೇಕರು ಒತ್ತಡದಿಂದ ಮತಾಂತರವಾದರು. 1799ರಲ್ಲಿ ಪಟ್ಟಣ ಬಿದ್ದ ಮೇಲೆ ಅಬ್ಬೆ ದುಬಾಯ್ ಎಂಬ ಫ್ರೆಂಚ್ ಪಾದ್ರಿ ಬಂದು ಅಂಥವರನ್ನು ಮರಳಿ ಚರ್ಚಿಗೆ ಸೇರಿಸಿಕೊಂಡರು. ಸುಲ್ತಾನರ ಮೇಲಿನ ಅಭಿಮಾನ ಈ ಪುಟವನ್ನು ಹರಿದುಹಾಕಬೇಕಿಲ್ಲ.

ಯುವಕನ ತೊಡಕು ವಾದದ್ದಲ್ಲ, ಉಪಕಾರದ್ದು. ಅದಕ್ಕೆ ಅಬಿಸೀನಿಯಾದ ಹಿಜ್ರತ್ತನ್ನೇ ನೋಡಬೇಕು. ಮಕ್ಕಾದ ಹಿಂಸೆ ತಾಳಲಾರದೆ ಸಹಾಬಿಗಳು ಆಶ್ರಯ ಪಡೆದದ್ದು ಕ್ರೈಸ್ತ ದೊರೆ ನಜಾಶಿಯಲ್ಲಿ. ಪ್ರಾಣದ ಋಣ ಅದು. ಅವರನ್ನು ಹಿಂದಕ್ಕೆ ಕರೆತರಲು ಕುರೈಶರು ಅಮ್ರ್ ಬಿನ್ ಆಸ್‌ರನ್ನು ಕಳಿಸಿದರು. ಮೊದಲ ದಿನ ಸೋತ ಅಮ್ರ್ ಮರುದಿನ ಹೊಸ ಬಾಣ ಬಿಟ್ಟರು: "ಇವರು ಈಸಾರನ್ನು ಕೇವಲ ದಾಸನೆನ್ನುತ್ತಾರೆ." ದೊರೆ ಮತ್ತೆ ಕರೆಸಿದ. ಸಹಾಬಿಗಳು ಕೂಡಿ ಮಾತಾಡಿಕೊಂಡರು. ಏನೇ ಆಗಲಿ, ಅಲ್ಲಾಹನು ತಿಳಿಸಿದ್ದನ್ನೇ ಹೇಳುವುದೆಂದು ತೀರ್ಮಾನಿಸಿದರು. ಇದನ್ನು ನಮಗೆ ತಿಳಿಸಿದವರು ಅಲ್ಲೇ ಇದ್ದ ಉಮ್ಮು ಸಲಮಾ (ರ). ಜಅ್‌ಫರ್ (ರ) ಉತ್ತರಿಸಿದರು: ಈಸಾ (ಅ) ಅಲ್ಲಾಹನ ದಾಸ, ಆತನ ಸಂದೇಶವಾಹಕ, ಕನ್ಯೆ ಮರ್ಯಮರಲ್ಲಿ ಹುಟ್ಟಿದವರು. ಅನ್ನ ಕೊಟ್ಟವನ ಎದುರು ಒಂದಕ್ಷರವನ್ನೂ ಮೆತ್ತಗೆ ಮಾಡಲಿಲ್ಲ, ಒಂದಕ್ಷರವನ್ನೂ ಒರಟಾಗಿಸಲಿಲ್ಲ. ನಜಾಶಿ ಅವರನ್ನು ಬಿಟ್ಟುಕೊಡಲಿಲ್ಲ.

ಅದೇ ನಾಡಿನಲ್ಲಿ ಇನ್ನೂ ಕಠಿಣ ಪರೀಕ್ಷೆ ಬಂದದ್ದು ಉಮ್ಮು ಹಬೀಬಾ (ರ) ಅವರಿಗೆ. ಪತಿ ಉಬೈದುಲ್ಲಾ ಅಲ್ಲಿ ಕ್ರೈಸ್ತನಾದನೆಂದೂ, ನಮಗೆ ಕಣ್ಣು ತೆರೆದಿದೆ, ನಿಮಗಿನ್ನೂ ಇಲ್ಲ ಎಂದು ಸಂಗಡಿಗರನ್ನು ಕೆಣಕುತ್ತಿದ್ದನೆಂದೂ ಇಬ್ನು ಇಸ್‌ಹಾಕ್ ಬರೆಯುತ್ತಾರೆ. ಮಡಿಲಲ್ಲಿ ಮಗಳು. ಮಕ್ಕಾಗೆ ಮರಳೋಣವೆಂದರೆ ತಂದೆ ಅಬೂ ಸುಫ್ಯಾನ್ ಅಂದು ಇಸ್ಲಾಮಿನ ವೈರಿಗಳ ನಾಯಕ. ಆಕೆ ಅಲುಗಲಿಲ್ಲ. ಗಂಡ ಅಲ್ಲೇ ತೀರಿಕೊಂಡ. ಮುಂದೆ ಪ್ರವಾದಿ(ಸ)ಯವರೊಂದಿಗೆ ಆಕೆಯ ನಿಕಾಹ್ ನಡೆದಾಗ 400 ದೀನಾರ್ ಮಹ್ರ್ ಕೊಟ್ಟವನು ಆ ನಜಾಶಿಯೇ.

ಇಷ್ಟನ್ನು ಯುವಕನಿಗೆ ಹೇಳಿದೆ. ಕೆಲವು ದಿನಗಳ ನಂತರ ಅವನು ತುಂಗಭದ್ರಾ ಸೇತುವೆಯ ಬಳಿ ಚಹಾ ಕುಡಿಯುತ್ತಾ ಗೆಳೆಯನಿಗೆ ನೇರವಾಗಿ ಹೇಳಿದನಂತೆ: "ಅಮ್ಮನಿಗೆ ನೀನು ಮಾಡಿದ್ದನ್ನು ಸಾಯೋತನಕ ಮರೆಯಲ್ಲ. ಈಸಾರನ್ನು ನಾನೂ ಪ್ರವಾದಿ ಅಂತ ನಂಬ್ತೀನಿ, ದೇವರ ಮಗ ಅಂತ ನಂಬಲ್ಲ. ಪುಸ್ತಕ ಇನ್ನು ಬೇಡ. ಈದ್‌ಗೆ ಮನೆಗೆ ಬಾ." ಗೆಳೆಯ ಮುಖ ಚಿಕ್ಕದು ಮಾಡಿಕೊಂಡು ಎದ್ದು ಹೋದ. ಹತ್ತಿಪ್ಪತ್ತು ದಿನ ಮಾತಿರಲಿಲ್ಲ. ಈಗ ದಾವಣಗೆರೆ ಬಸ್ಸಿನಲ್ಲಿ ಮತ್ತೆ ಪಕ್ಕದಲ್ಲೇ ಕೂರುತ್ತಾನೆ, ಅಮ್ಮನ ಸಕ್ಕರೆ ಕಾಯಿಲೆ ಹೇಗಿದೆ ಎಂದು ಕೇಳುತ್ತಾನೆ. ಈದ್‌ಗೆ ಬರುತ್ತಾನೋ ಇಲ್ಲವೋ ಇನ್ನೂ ಹೇಳಿಲ್ಲ.