ಒಂಟಿಯಾಗಿ ಬಾರದ ಅಭ್ಯಾಸಗಳು

ಮೊನ್ನೆ ಊರಿಗೆ ಹೋದಾಗ ಅಕ್ಕನದು ಒಂದೇ ದೂರು. "ಇವನು ಬೆಳಿಗ್ಗೆ ತಿಂಡಿ ತಿನ್ನಲ್ಲ ಕಣೋ, ಸ್ವಲ್ಪ ಬುದ್ಧಿ ಹೇಳು." ಹುಡುಗನಿಗೆ 13 ವರ್ಷ. ಎರಡು ದಿನ ಸುಮ್ಮನೆ ನೋಡಿದೆ. ರಾತ್ರಿ ಒಂದರ ತನಕ ಮೊಬೈಲು, ಜೊತೆಗೆ ಚಿಪ್ಸು. ಬೆಳಿಗ್ಗೆ ಏಳಲಾಗದೆ ತಿಂಡಿ ಬಿಟ್ಟು ಓಟ. ಸಂಜೆ ಸುಸ್ತು, ಆಟಕ್ಕೆ ರಜಾ. ಅಕ್ಕನಿಗೆ ಕಂಡದ್ದು ಒಂದು ಬಗ್, ಒಳಗಿದ್ದದ್ದು ನಾಲ್ಕು!

ಹೀಗೆ ಅಭ್ಯಾಸಗಳನ್ನು ಒಟ್ಟಾಗಿ ನೋಡುವುದಕ್ಕೂ ಒಂದು ಇತಿಹಾಸವಿದೆ. 1965ರಲ್ಲಿ ಕ್ಯಾಲಿಫೋರ್ನಿಯಾದ ಅಲಮೀಡಾ ಕೌಂಟಿಯಲ್ಲಿ ಲೆಸ್ಟರ್ ಬ್ರೆಸ್ಲೋ ಮತ್ತು ಸಂಗಡಿಗರು ಸುಮಾರು 7,000 ವಯಸ್ಕರ ನಿದ್ದೆ, ತಿಂಡಿ, ವ್ಯಾಯಾಮ, ಸಿಗರೇಟು ಮುಂತಾದ 7 ವಿಷಯಗಳನ್ನು ಒಟ್ಟಿಗೆ ಲೆಕ್ಕ ಹಾಕಿದರು. ಒಳ್ಳೆಯ ಅಭ್ಯಾಸಗಳ ಸಂಖ್ಯೆ ಹೆಚ್ಚಿದಷ್ಟೂ ಆರೋಗ್ಯ, ಆಯಸ್ಸು ಎರಡೂ ಹೆಚ್ಚು ಎಂದು ಕಂಡುಬಂತು.

ಅದು ದೊಡ್ಡವರ ಮಾತಾಯಿತು. ಹದಿಹರೆಯದವರ ಬಗ್ಗೆ ಕೊಲರಾಡೋದ ರಿಚರ್ಡ್ ಜೆಸ್ಸರ್ ಮತ್ತು ಶರ್ಲಿ ಜೆಸ್ಸರ್ 1977ರಲ್ಲಿ ಪುಸ್ತಕ ತಂದರು. ಕುಡಿತ, ಗಾಂಜಾ, ಪುಂಡಾಟ ಬೇರೆ ಬೇರೆಯಲ್ಲ, ಒಂದೇ ಬೇರಿನ ಕೊಂಬೆಗಳು ಅನ್ನುವುದು ಅವರ ವಾದ. ಗೆಳೆಯರ ಮೆಚ್ಚುಗೆ, ತಾನೂ ದೊಡ್ಡವನಾದೆ ಅನ್ನುವ ಹಂಬಲ ಎಲ್ಲದರ ಹಿಂದೆಯೂ ಇರುತ್ತದಂತೆ. 1985ರಲ್ಲಿ ಡೀಟ್ಸ್ ಮತ್ತು ಗೋರ್ಟ್‌ಮೇಕರ್ ಟಿವಿ ಮತ್ತು ಬೊಜ್ಜಿನ ನಂಟನ್ನು ತೋರಿಸಿದರು. ಕೂತು ನೋಡುವವರು ತಿನ್ನುತ್ತಲೂ ಇರುತ್ತಾರೆ ತಾನೆ?

ನನ್ನನ್ನು ನಿಜಕ್ಕೂ ಹೆದರಿಸಿದ್ದು ಬೊಗಲೂಸಾ. ಲೂಸಿಯಾನಾದ ಈ ಸಣ್ಣ ಊರಿನ ಮಕ್ಕಳನ್ನು ಡಾ. ಜೆರಾಲ್ಡ್ ಬೆರೆನ್ಸನ್ 1970ರ ದಶಕದಿಂದ ಪರೀಕ್ಷಿಸುತ್ತಾ ಬಂದರು. ಅವರಲ್ಲಿ ಕೆಲವರು ಚಿಕ್ಕ ವಯಸ್ಸಿನಲ್ಲೇ, ಹೆಚ್ಚಾಗಿ ಅಪಘಾತಗಳಲ್ಲಿ, ತೀರಿಕೊಂಡರು. ಅವರ ಶವಪರೀಕ್ಷೆಯ ವರದಿ 1998ರಲ್ಲಿ ಬಂತು. ತೂಕ, ರಕ್ತದೊತ್ತಡ, ರಕ್ತದ ಕೊಬ್ಬು ಇಂಥ ಅಪಾಯಗಳು ಒಂದೂ ಇಲ್ಲದವರ ಹೃದಯದ ರಕ್ತನಾಳಗಳ ಒಳಗೋಡೆಯಲ್ಲಿ ಕೊಬ್ಬಿನ ಗೆರೆಗಳು ಆವರಿಸಿದ್ದು 1.3% ಜಾಗ. ಮೂರು ನಾಲ್ಕು ಅಪಾಯಗಳಿದ್ದವರಲ್ಲಿ 11%. ಲಕ್ಷಣ ಕಾಣುವ ಎಷ್ಟೋ ವರ್ಷ ಮೊದಲೇ!

ಹಾಸ್ಟೆಲ್ಲಿನಲ್ಲಿ ನನ್ನ ದಿನಚರಿಯೂ ಅಳಿಯನದರಂತೆಯೇ ಇತ್ತು. ಕಳೆದ ತಿಂಗಳ ಕೊಲೆಸ್ಟ್ರಾಲ್ ರಿಪೋರ್ಟು ಅದನ್ನು ನೆನಪಿಸಿತು. ಹಾಗಾಗಿ ತಿಂಡಿಯ ಬಗ್ಗೆ ಉಪದೇಶ ಮಾಡಲಿಲ್ಲ. ರಾತ್ರಿ ಹತ್ತಕ್ಕೆ ಮನೆಯವರೆಲ್ಲರ ಮೊಬೈಲು ಹಾಲ್‌ನಲ್ಲೇ ಚಾರ್ಜ್‌ಗೆ ಹಾಕೋಣ ಅಂದೆ. ಅಕ್ಕನೂ ಸೇರಿ. ಹುಡುಗ ಒಪ್ಪಿದ. ಅಕ್ಕ ಇನ್ನೂ ಯೋಚಿಸುತ್ತಿದ್ದಾಳೆ...